ಚೆನ್ನೆಮಣೆಯ ಮೇಲಿನ ಮೂರನೇ ದಿನ

ನವೆಂಬರ್ ಒಂಬತ್ತು, ಭಾನುವಾರ. ಮಧ್ಯಾಹ್ನ ಎರಡು ಗಂಟೆ. ಸ್ಥಳ ಪುತ್ತೂರಿನ ನನ್ನ ಮನೆಯ ಹಜಾರ. ಹಾಜರಿದ್ದವರು ಐವರು: ಮಹಡಿಯಲ್ಲಿ ಬಾಡಿಗೆಗಿರುವ ಕಾಲೇಜು ಉಪನ್ಯಾಸಕಿ, ಕಬಕದಲ್ಲಿ ಚಪ್ಪಲಿ ಅಂಗಡಿ ನಡೆಸುವ ಯುವಕ, ಮರ್ಕಂಜದಿಂದ ಸ್ಕೂಟರಿನಲ್ಲಿ ಬರುವ ಕೃಷಿಕ ಹೆಂಗಸು, ಕಡಬದಿಂದ ಬಸ್ಸಿನಲ್ಲಿ ಬರುವ ರಬ್ಬರ್ ವ್ಯಾಪಾರಿ, ಮತ್ತು ನಾನು. ಯಾರೂ ತಡವಾಗಿ ಬರಲಿಲ್ಲ. ಕಥೆಯೊಳಗಿನ ಸಮಯ: ಮೊದಲನೇ ದಿನ, ಸೂರ್ಯ ಮುಳುಗಿ ದೀಪ ಹೊತ್ತಿಸಿ ಆಗಿದೆ. ರೋಗಿ ಒಬ್ಬ. ಹಾವು ಕಚ್ಚಿದೆ.

ಹೀಗೆ ಆರಂಭಿಸುವುದು ನನ್ನ ರೂಢಿ. ಕೆಲಸದಲ್ಲಿದ್ದಷ್ಟು ಕಾಲ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದೆ. ಪಾಳಿ ಬದಲಾಗುವಾಗ ಮೊದಲು ದಿನಾಂಕ, ಗಂಟೆ, ಯಾರಿದ್ದಾರೆ. ಆಮೇಲೆ ರೋಗಿಯ ಸ್ಥಿತಿ. ಕೊನೆಗೆ ಮಾಡಿ ಮುಗಿಸಿದ ಕೆಲಸ. ಈ ಕ್ರಮ ತಪ್ಪಿದರೆ ಮುಂದಿನ ಪಾಳಿಯವಳು ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ. ನಿವೃತ್ತಿಯಾಗಿ ವರ್ಷಗಳಾದರೂ ಕೈಗೆ ಆ ಕ್ರಮವೇ ಬರುತ್ತದೆ. ಅಂದಿನ ರೋಗಿ ಮಾತ್ರ ನಿಜವಾದವನಲ್ಲ. ಅವನು ಆಟದೊಳಗಿನ ಒಬ್ಬ ಮುದಿ ಅಂಬಿಗ.

ಆಟವನ್ನು ತಿಳಿಯದವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದಕ್ಕೆ ಪರದೆ ಬೇಡ, ಮೊಬೈಲ್ ಬೇಡ. ಮೇಜಿನ ಸುತ್ತ ಕೂತು ಬಾಯಲ್ಲಿ ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ. ನಮ್ಮಲ್ಲಿ ಅದು ಉಪನ್ಯಾಸಕಿಯ ಕೆಲಸ. ಉಳಿದವರಿಗೆ ತಲಾ ಒಂದು ಪಾತ್ರ. ಎದುರಿಗೆ ಗುಹೆ ಇದೆ, ಒಳಗೆ ಏನೋ ಉಸಿರಾಡುತ್ತಿದೆ, ಈಗ ಏನು ಮಾಡುತ್ತೀರಿ ಎಂದು ಅವಳು ಕೇಳುತ್ತಾಳೆ. ಪಾತ್ರದವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕುತ್ತಾರೆ. ಕಥೆ ಮುಂದೆ ಹೋಗುತ್ತದೆ. ಸೋಲು ಗೆಲುವು ಇಲ್ಲ. ಒಂದೇ ಕಥೆ ಒಂದೂವರೆ ವರ್ಷದಿಂದ ನಡೆಯುತ್ತಿದೆ.

ಕಬಕದವನದ್ದು ಸೈನಿಕನ ಪಾತ್ರ. ಯಾವ ರಾಕ್ಷಸನಿಗೂ ಹೆದರದ ಸೈನಿಕ, ನಾಯಿಗೆ ಮಾತ್ರ ಹೆದರುತ್ತಾನೆ. ಮರ್ಕಂಜದವಳು ಊರಿನ ಸ್ವಸಹಾಯ ಸಂಘದ ಅಧ್ಯಕ್ಷೆ. ಒಂದು ಪೈಸೆ ಆಚೀಚೆ ಆಗಲು ಬಿಡದ ಹೆಂಗಸು. ಆಟದಲ್ಲಿ ಅವಳು ಕಳ್ಳಿ. ಯಾವ ಮನೆಗೆ ಹೋದರೂ ಮೊದಲು ಕಿಟಕಿ ಎಲ್ಲಿದೆ ಎಂದು ಕೇಳುತ್ತಾಳೆ. ಕಡಬದವರದ್ದು ಅಂಬಿಗ. ಅವರ ಊರಿನ ಹೊಳೆಗೆ ಸೇತುವೆ ಆಗುವ ಮೊದಲು ಅವರ ಅಪ್ಪ ಕಡವಿನಲ್ಲಿ ದೋಣಿ ನಡೆಸುತ್ತಿದ್ದರಂತೆ. ಆಟದ ಅಂಬಿಗ ಹಾಗೆಯೇ ಕೆಮ್ಮುತ್ತಾನೆ, ಹಾಗೆಯೇ ನೀರು ನೋಡಿ ಮಳೆ ಹೇಳುತ್ತಾನೆ, ದೋಣಿ ಹತ್ತುವವರನ್ನು ಹಾಗೆಯೇ ಗದರಿಸುತ್ತಾನೆ. ದಿನಕ್ಕೆ ಒಂದೇ ಊಟ ಎಂಬ ವ್ರತವೂ ಅವನಿಗೆ ಉಂಟು. ಅದು ಅಪ್ಪನದ್ದಲ್ಲ, ಆಟ ಶುರುವಾಗುವಾಗ ಉಪನ್ಯಾಸಕಿ ಕೊಟ್ಟದ್ದು. ಉಳಿದಿಬ್ಬರು ಎರಡು ಮೂರು ಪಾತ್ರ ಬದಲಿಸಿದ್ದಾರೆ. ಕಡಬದವರು ಬದಲಿಸಿಲ್ಲ. ಒಮ್ಮೆ ಕಬಕದವನು, ಮಂತ್ರವಾದಿ ಆಗಿ ನೋಡಿ ಒಮ್ಮೆ ಎಂದು ಹೇಳಿದ್ದಕ್ಕೆ, ಮಂತ್ರವಾದಿಯ ಮಾತು ನನಗೆ ಬಾಯಿಗೆ ಬರುದಿಲ್ಲ, ಇವನದ್ದು ತನ್ನಷ್ಟಕ್ಕೆ ಬರ್ತದೆ ಎಂದರು.

ನಮ್ಮ ಮೇಜಿನಲ್ಲಿ ಎರಡು ಕಟ್ಟುನಿಟ್ಟು. ಕಥೆ ನಡೆಸುವವಳು ಒಮ್ಮೆ ಒಪ್ಪಿದ್ದು ಒಪ್ಪಿ ಆಯಿತು, ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಸತ್ತ ಪಾತ್ರ ಎದ್ದು ಬರುವ ಹಾಗಿಲ್ಲ.

ನಾನು ಈ ಮೇಜಿಗೆ ಬಂದದ್ದು ಚಾ ತರುವವಳಾಗಿ. ಮೊದಲ ಕೆಲವು ಭಾನುವಾರ ಲೋಟ ಇಟ್ಟು ಒಳಗೆ ಹೋಗುತ್ತಿದ್ದೆ. ಒಂದು ದಿನ ಬಾಗಿಲ ಬಳಿ ನಿಂತು ಕೇಳಿದೆ. ಗುಹೆಯೊಳಗೆ ಎಷ್ಟು ಹೊತ್ತಾಯಿತು ಎಂದು ಚರ್ಚೆ. ಒಬ್ಬರು ಅರ್ಧ ಗಂಟೆ ಅಂದರು, ಒಬ್ಬರು ಎರಡು ದಿನ ಅಂದರು. ಅಷ್ಟರಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ನಿಮ್ಮ ಕೈಯ ಸೂಟೆ ಹೋದ ಭಾನುವಾರದಿಂದ ಉರಿಯುತ್ತಿದೆ, ಅಷ್ಟು ತೆಂಗಿನ ಗರಿ ಎಲ್ಲಿಂದ ತಂದಿರಿ ಎಂದು ಕೇಳಿದೆ. ಎಲ್ಲರೂ ನಕ್ಕರು. ಉಪನ್ಯಾಸಕಿ ಮಾತ್ರ ನಗದೆ ಕುರ್ಚಿ ಎಳೆದು ಕೊಟ್ಟಳು. ಅವಳು ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಆದರೆ ಕಥೆ ಬಾಯಿಗೆ ಬಂದರೆ ಹೊತ್ತಿನ ಲೆಕ್ಕ ಇರುವುದಿಲ್ಲ. ದೊಡ್ಡಮ್ಮ, ಇನ್ನು ಸಮಯ ನಿಮ್ಮದು, ಉಳಿದದ್ದು ನನ್ನದು ಎಂದಳು.

ಸಮಯ ನೋಡಲು ಒಂದು ಸಾಧನ ಬೇಕಿತ್ತು. ಗಡಿಯಾರ ಉಪಯೋಗಕ್ಕೆ ಬರುವುದಿಲ್ಲ. ಕಥೆಯಲ್ಲಿ ಒಂದು ಜಗಳ ಅರೆಕ್ಷಣದ್ದು, ಆಡಲು ಒಂದು ಗಂಟೆ ಬೇಕು. ಮೂರು ದಿನದ ದಾರಿಯನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಬರೆದಿಡೋಣವೆಂದರೆ ಬರೆದದ್ದು ಮೇಜಿನ ಆಚೆಯವರಿಗೆ ಕಾಣುವುದಿಲ್ಲ. ಅಟ್ಟದ ಮೇಲೆ ತಾಯಿಮನೆಯಿಂದ ಬಂದ ಚೆನ್ನೆಮಣೆ ಇತ್ತು. ಹಲಸಿನ ಮರದ್ದು. ಎರಡು ಸಾಲು, ಸಾಲಿಗೆ ಏಳು ಗುಳಿ, ಎರಡು ತುದಿಯಲ್ಲಿ ಒಂದೊಂದು ದೊಡ್ಡ ಗುಳಿ. ಅದನ್ನು ಇಳಿಸಿ ಒರೆಸಿ ಮೇಜಿನ ಮೇಲಿಟ್ಟೆ.

ಮೇಲಿನ ಸಾಲು ಹಗಲು, ಕೆಳಗಿನ ಸಾಲು ರಾತ್ರಿ. ಒಂದು ಕೆಂಪು ಮಂಜೊಟ್ಟಿ ಬೀಜ ಗುಳಿಯಿಂದ ಗುಳಿಗೆ ಹೋಗುತ್ತದೆ. ಹಗಲಿನ ಏಳು ಮುಗಿದರೆ ಕೆಳಗೆ ತಿರುಗುತ್ತದೆ, ರಾತ್ರಿಯ ಏಳು ಮುಗಿದರೆ ಮೇಲೆ ಬರುತ್ತದೆ. ಸೂಟೆ ಹೊತ್ತಿಸಿದರೆ ಆ ಗುಳಿಗೆ ಒಂದು ಕವಡೆ. ಬೀಜ ಮುಂದಿನ ಗುಳಿಗೆ ಹೋದಾಗ ಸೂಟೆ ಮುಗಿಯಿತು. ಒಂದು ದಿನ ಕಳೆದು ಇನ್ನೊಂದು ಬಂದಾಗ ತುದಿಯ ದೊಡ್ಡ ಗುಳಿಗೆ ಒಂದು ಬೀಜ. ಹನ್ನೆರಡು ಗಂಟೆಯನ್ನು ಏಳು ಗುಳಿಗೆ ಸಮನಾಗಿ ಹಂಚಲು ಬರುವುದಿಲ್ಲ ಎಂಬುದು ನನ್ನನ್ನು ಒಂದು ವಾರ ಪೀಡಿಸಿತು. ಆಮೇಲೆ, ಆ ಊರಿನಲ್ಲಿ ಯಾರ ಕೈಯಲ್ಲೂ ವಾಚಿಲ್ಲ ಎಂದು ಹೊಳೆದು ಸಮಾಧಾನವಾಯಿತು.

ಅತ್ತಿಗೆಗೆ ಸಮಾಧಾನವಾಗಲಿಲ್ಲ. ಚೆನ್ನೆಮಣೆಯನ್ನು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಕೆಳಗಿಳಿಸುವುದು, ತಿಂಗಳು ಮುಗಿದ ಮೇಲೆ ಅಟ್ಟಕ್ಕೆ ಹಾಕುವುದು ನಮ್ಮ ಮನೆಯ ಕ್ರಮ. ಅವರು ಬಂದ ದಿನ ಮೇಜಿನ ಮೇಲೆ ಅದನ್ನು ಕಂಡು ಚೀಲವನ್ನೂ ಕೆಳಗಿಡಲಿಲ್ಲ.

“ಇದೆಂತ, ಈಗ ಚೆನ್ನೆ ಆಡುದಾ?”

“ಆಡುದಲ್ಲ ಅತ್ತಿಗೆ, ಸಮಯ ನೋಡುದು.”

ಅವರು ಮಣೆಯನ್ನೂ ನನ್ನನ್ನೂ ನೋಡಿದರು. ಹಾಗಾದರೆ ತೊಂದರೆ ಇಲ್ಲ ಎಂದು ಕೂತರು. ಸ್ವಲ್ಪ ಹೊತ್ತಾದ ಮೇಲೆ, ಈಗ ಎಷ್ಟಾಯಿತು ಎಂದು ಕೇಳಿದರು. ರಾತ್ರಿಯ ಎರಡನೇ ಗುಳಿ ಎಂದೆ. ಹೊರಗೆ ಬಿಸಿಲು ಕಾಯುತ್ತಿತ್ತು.

ನನ್ನ ಕೆಲಸಕ್ಕೆ ನಾನೇ ನಿಯಮ ಹಾಕಿಕೊಂಡಿದ್ದೇನೆ. ಬೀಜ ಮುಂದೆ ಹೋದಾಗ ಗಟ್ಟಿಯಾಗಿ ಹೇಳಬೇಕು. ಕೇಳದೆ ಸಲಹೆ ಕೊಡಬಾರದು. ಇಟ್ಟ ಬೀಜವನ್ನು ಹಿಂದೆ ತೆಗೆಯಬಾರದು. ಕೊಟ್ಟ ಔಷಧಿಯನ್ನು ಚಾರ್ಟಿನಲ್ಲಿ ಅಳಿಸುವ ಹಾಗಿಲ್ಲವಲ್ಲ, ಹಾಗೆ.

ಈಗ ನವೆಂಬರ್ ಒಂಬತ್ತರ ಕಥೆಗೆ ಬರುತ್ತೇನೆ. ಹಿಂದಿನ ಭಾನುವಾರ ಆಟ ನಿಲ್ಲಿಸುವ ಹೊತ್ತಿಗೆ, ಕಥೆಯಲ್ಲಿ ದೀಪ ಹೊತ್ತಿಸಿದ ಸ್ವಲ್ಪ ಹೊತ್ತಿನಲ್ಲಿ, ಅಂಬಿಗನಿಗೆ ದೋಣಿಯ ಹಗ್ಗದ ಸುರುಳಿಯಿಂದ ಹಾವು ಕಚ್ಚಿತ್ತು. ಮದ್ದು ಕೊಡುವ ಮುದುಕಿ ಹೇಳಿದ್ದು ಇಷ್ಟು: ಬೆಟ್ಟದ ನೆತ್ತಿಯಲ್ಲಿ ಒಂದು ಬಳ್ಳಿ ಇದೆ, ಈ ದಿನವೂ ಸೇರಿ ಮೂರನೇ ದಿನ ಮುಗಿಯುವ ಮೊದಲು ಅದರ ರಸ ಕುಡಿಸಿದರೆ ಬದುಕುತ್ತಾನೆ, ಮುಗಿದ ಮೇಲೆ ನನ್ನನ್ನು ಕರೆಯಬೇಡಿ. ತುದಿಯ ಗುಳಿಯನ್ನು ಖಾಲಿ ಮಾಡಿ, ಹಾವು ಕಚ್ಚಿದ ದಿನದ ಲೆಕ್ಕಕ್ಕೆ ಒಂದು ಬೀಜ ಹಾಕಿಟ್ಟಿದ್ದೆ.

ಹಾಗಾಗಿ ಅಂದು ಬೆಟ್ಟಕ್ಕೆ ಹೋದವರು ಇಬ್ಬರೇ, ಸೈನಿಕ ಮತ್ತು ಕಳ್ಳಿ. ಅಂಬಿಗ ಗುಡಿಸಲಿನಲ್ಲಿ ಮಲಗಿದ್ದ. ಕಡಬದವರಿಗೆ ಜ್ವರದ ದಾಳ ಹಾಕುವುದು ಬಿಟ್ಟರೆ ಕೆಲಸವಿಲ್ಲ. ಕೆಲಸವಿಲ್ಲದ ಮನುಷ್ಯ ಸುಮ್ಮನಿರುತ್ತಾರೆಯೇ. ಆ ದಾರಿಯಲ್ಲಿ ಹೋಗಬೇಡಿ, ಈ ಮನೆಯವರನ್ನು ನಂಬಬೇಡಿ ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಮೂರನೇ ಸಲಕ್ಕೆ ನಾನು, ರೋಗಿಗೆ ಮಾತಿಲ್ಲ ಎಂದೆ. ಅವರು ಬಾಯಿ ಮುಚ್ಚಿ, ತಟ್ಟೆಯ ಬಾಳೆಕಾಯಿ ಚಿಪ್ಸಿನ ಕಡೆಗೆ ಕೈ ಚಾಚಿದರು. ದಿನಕ್ಕೊಂದು ಊಟದವರಿಗೆ ಇದು ನಡೀತದಾ ಎಂದು ಕಬಕದವನು ಕೇಳಿದ. ಅದು ಅಂಬಿಗನಿಗೆ, ನನಗಲ್ಲ ಎಂದು ಅವರು ತಟ್ಟೆಯನ್ನೇ ಹತ್ತಿರ ಎಳೆದುಕೊಂಡರು.

ಬೆಟ್ಟದ ದಾರಿ ಚೆನ್ನಾಗಿ ನಡೆಯಿತು. ಇಷ್ಟು ಒಳ್ಳೆಯ ಆಟ ನಾನು ಕಂಡದ್ದು ಕಡಿಮೆ. ಕಳ್ಳಿ ಒಂದು ಮನೆಯ ಅಟ್ಟದಿಂದ ಹಗ್ಗ ಕದಿಯಲು ಹೋಗಿ ಆ ಮನೆಯವರ ಹಸು ಕರು ಹಾಕುವ ಹೊತ್ತಿಗೆ ಸಿಕ್ಕಿಬಿದ್ದಳು. ಹೆರಿಗೆ ಮಾಡಿಸಿ ಹಗ್ಗವನ್ನು ಬಹುಮಾನವಾಗಿ ಪಡೆದಳು. ಕದಿಯಲು ಆಗಲಿಲ್ಲವಲ್ಲ ಎಂದು ಮರ್ಕಂಜದವಳಿಗೆ ನಿಜವಾಗಿಯೂ ಬೇಸರ. ಎರಡನೇ ರಾತ್ರಿ ಬೆಟ್ಟದ ಬುಡ, ಮರುದಿನ ಮಧ್ಯಾಹ್ನ ಬಳ್ಳಿ ಕೈಗೆ. ನನ್ನ ಬೀಜ ಸುತ್ತು ಹಾಕುತ್ತಲೇ ಇತ್ತು. ನಡುರಾತ್ರಿ ಬಂದಾಗಲೆಲ್ಲ ತುದಿಯ ಗುಳಿಗೆ ಒಂದೊಂದು ಬೀಜ ಬಿತ್ತು. ಒಂದು ಇದ್ದದ್ದು ಎರಡಾಯಿತು, ಎರಡು ಮೂರಾಯಿತು. ಪ್ರತಿ ಸಲ ಗಟ್ಟಿಯಾಗಿಯೇ ಹೇಳಿದ್ದೆ. ಆದರೆ ಆಗ ಒಬ್ಬರು ಪ್ರಪಾತಕ್ಕೆ ಹಗ್ಗ ಇಳಿಸುತ್ತಿದ್ದರು, ಇನ್ನೊಬ್ಬರು ಕೋತಿಗಳ ಜೊತೆ ಮಾತುಕತೆಯಲ್ಲಿದ್ದರು.

ಇಳಿಯುವಾಗ ಸಂಜೆಯಾಯಿತು. ಅಂಬಿಗನ ಗುಡಿಸಲಿಗೆ ಇನ್ನು ಎರಡು ಗುಳಿಯಷ್ಟು ದಾರಿ. ಹೊಳೆ ಬದಿಯ ಕಾಡಿನಲ್ಲಿ ರಾತ್ರಿ ನಡೆಯುವುದು ಅಪಾಯ ಎಂದು ಉಪನ್ಯಾಸಕಿ ಸೂಚನೆ ಕೊಟ್ಟಳು. ದಾರಿ ಬದಿಯಲ್ಲಿ ಒಂದು ಧರ್ಮಛತ್ರ ಇತ್ತು. ಸೈನಿಕನಿಗೆ ಗಾಯವಾಗಿತ್ತು. ಕಬಕದವನು ನಿರಾಳವಾಗಿ, ನಾಳೆ ಸಂಜೆಯವರೆಗೆ ಸಮಯ ಉಂಟಲ್ಲ, ರಾತ್ರಿ ಇಡೀ ಮಲಗುದು, ಬೆಳಿಗ್ಗೆ ಹೊರಡುದು ಎಂದ. ಮರ್ಕಂಜದವಳು ಅನುಮಾನದಿಂದ ಬಾಯಿ ತೆರೆದಳು, ಆದರೆ ಅಷ್ಟರಲ್ಲಿ ಉಪನ್ಯಾಸಕಿ, ಆಯಿತು, ಇಬ್ಬರೂ ರಾತ್ರಿ ಇಡೀ ಮಲಗಿದಿರಿ ಎಂದು ಹೇಳಿಬಿಟ್ಟಳು. ಹೇಳಿದ್ದು ಹೇಳಿ ಆಯಿತು.

ನಾನು ಬೀಜ ನಡೆಸಿದೆ. ರಾತ್ರಿಯ ಎರಡನೇ ಗುಳಿ, ಮೂರನೇ ಗುಳಿ. ನಡುವಿನದ್ದಕ್ಕೆ ಬಂದಾಗ ತುದಿಯ ದೊಡ್ಡ ಗುಳಿಗೆ ಇನ್ನೊಂದು ಬೀಜ ಹಾಕಿದೆ. ಅದು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

“ನಾಲ್ಕನೇ ದಿನ,” ಎಂದೆ.

ಕಡಬದವರು ಬಾಯಿಯ ಹತ್ತಿರ ಒಯ್ದ ಚಾ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಗೋಡೆಯ ಗಡಿಯಾರದಲ್ಲಿ ಐದು ಗಂಟೆ. ಅವರ ಬಸ್ಸಿಗೆ ಐದೂಮುಕ್ಕಾಲಿಗೆ ಮನೆ ಬಿಡಬೇಕು.

ಮೊದಲು ಮಾತಾಡಿದವನು ಕಬಕದವನು. ಅವನ ಮುಖ ಸಣ್ಣದಾಗಿತ್ತು. “ನಾಲ್ಕು ಹೇಗೆ ಆಗುದು ಸಿಸ್ಟರೇ? ಹಾವು ಕಚ್ಚಿದ್ದು ದೀಪ ಹೊತ್ತಿಸಿದ ಮೇಲೆ. ಒಂದನೇ ದಿನ ಶುರು ಆದದ್ದೇ ಆ ಮಗ್ರಿಬಿಗೆ, ಸೂರ್ಯ ಮುಳುಗುವಾಗ. ಮೂರನೇದು ಮುಗಿಯುದು ನಾಳೆ ಮಗ್ರಿಬಿಗೆ.”

“ಎಂತ ಮಗ್ರಿಬ್ ಮಾರಾಯ,” ಎಂದಳು ಮರ್ಕಂಜದವಳು. “ಸೂರ್ಯ ಹುಟ್ಟುವಾಗ ಅಲ್ವಾ ದಿನ ಹುಟ್ಟುದು? ಕತ್ತಲೆ ಇರುವಾಗಲೇ ಹೊರಡಬೇಕು ಅಂತ ನಾನು ಹೇಳುದಕ್ಕಿತ್ತು. ನೀನು ಮಲಗಿಸಿಬಿಟ್ಟೆ.”

ಅವನ ಬೆರಳು ಕೆಳಸಾಲಿನ ಮೊದಲ ಗುಳಿಯ ಮೇಲಿತ್ತು. ಅವಳದ್ದು ಮೇಲುಸಾಲಿನ ಮೊದಲ ಗುಳಿಯ ಮೇಲೆ. ನನ್ನದು ಕೆಳಸಾಲಿನ ನಡುವಿನಲ್ಲಿ. ಒಂದೇ ಮಣೆ, ದಿನ ಆರಂಭವಾಗುವ ಜಾಗ ಮೂರು. ಒಂದೂವರೆ ವರ್ಷ ಒಟ್ಟಿಗೆ ಆಡಿ, ಒಟ್ಟಿಗೆ ಚಾ ಕುಡಿದು, ಇದು ಯಾರಿಗೂ ಗೊತ್ತಾಗಿರಲಿಲ್ಲ. ಯಾಕೆಂದರೆ ಇದರ ಮೇಲೆ ಯಾರ ಜೀವವೂ ನಿಂತಿರಲಿಲ್ಲ.

ಹೆರಿಗೆ ವಾರ್ಡಿನಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಗುರುವಾರ ರಾತ್ರಿ ಹನ್ನೊಂದಕ್ಕೆ ಹುಟ್ಟಿದ ಮಗುವನ್ನು ಬ್ಯಾರಿ ಮುಸ್ಲಿಮರ ಮನೆಯ ಅಜ್ಜಿ ಎತ್ತಿಕೊಂಡು, ಶುಕ್ರವಾರದ ಮಗು ಎಂದು ಸಂತೋಷಪಟ್ಟರು. ಪಕ್ಕದ ಹಾಸಿಗೆಯಲ್ಲಿ ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ ಹುಟ್ಟಿತು. ಆ ಮಗುವಿನ ಅಜ್ಜ ಸುಳ್ಯದ ಕಡೆಯವರು. ಸೂರ್ಯ ಹುಟ್ಟಿಲ್ಲವಲ್ಲ, ಗುರುವಾರವೇ ಎಂದು ಜಾತಕಕ್ಕೆ ಹೇಳಿ ಕಳಿಸಿದರು. ನಮ್ಮ ಲೆಕ್ಕದಲ್ಲಿ ಮೊದಲನೆಯದು ಗುರುವಾರ, ಎರಡನೆಯದು ಶುಕ್ರವಾರ. ನಡುರಾತ್ರಿ ಹನ್ನೆರಡಕ್ಕೆ ಚಾರ್ಟಿನಲ್ಲಿ ಕೆಂಪು ಗೆರೆ ಎಳೆದು ಹೊಸ ದಿನಾಂಕ ಬರೆಯುವುದು ಆಸ್ಪತ್ರೆಯ ಪದ್ಧತಿ. ಆ ಕೆಂಪು ಗೆರೆಯನ್ನು ನಾನು ಏನೂ ಯೋಚಿಸದೆ ಗಡಿಯಾರವಿಲ್ಲದ ಒಂದು ಊರಿಗೆ ತಂದು ಹಾಕಿದ್ದೆ.

ಉಪನ್ಯಾಸಕಿ ಹಣೆ ಹಿಡಿದುಕೊಂಡು ಕೂತಿದ್ದಳು. ಮುದುಕಿಯ ಬಾಯಲ್ಲಿ ಮೂರನೇ ದಿನ ಎಂದು ಹೇಳಿಸಿದ್ದು ಅವಳೇ. ಎಲ್ಲಿಂದ ಎಲ್ಲಿಗೆ ಎಂದು ಅವಳೂ ಯೋಚಿಸಿರಲಿಲ್ಲ. ಕೊನೆಗೆ, ಸಮಯ ದೊಡ್ಡಮ್ಮನದ್ದು, ಅವರು ಹೇಳಿದ ಹಾಗೆ ಎಂದಳು.

ಆಗ ಕಡಬದವರು ತಮ್ಮ ಮುಂದಿದ್ದ ಅಂಬಿಗನ ಕಾಗದವನ್ನು ಎತ್ತಿಕೊಂಡರು. ಪಾತ್ರದ ಶಕ್ತಿ, ಗಾಯ, ಸಾಮಾನು ಎಲ್ಲ ಬರೆದಿರುವ ಹಾಳೆ. ಮಡಚಿದಲ್ಲಿ ಹರಿದು ಟೇಪು ಹಾಕಿದ್ದಾರೆ. ಅದನ್ನು ಮತ್ತೆ ನಾಲ್ಕಾಗಿ ಮಡಚಿದರು.

“ನನಗೋಸ್ಕರ ಲೆಕ್ಕ ತಿದ್ದುದು ಬೇಡ ಮಾರಾಯ್ರೆ. ಹಾಗೆ ಬದುಕಿದರೆ ಅವನಿಗೆ ಮರ್ಯಾದೆ ಇಲ್ಲ. ಸಿಸ್ಟರ್ ನಾಲ್ಕು ಅಂದರೆ ನಾಲ್ಕು.”

ಕಬಕದವನು ಅವರ ಮುಖ ನೋಡಲಿಲ್ಲ. ಮಲಗುವ ಎಂದು ಹೇಳಿದವನು ಅವನು.

ಅವರು ಹೇಳಿದ್ದು ಸರಿ. ದಯೆಯಿಂದ ಬದುಕಿಸಿದ ಅಂಬಿಗನನ್ನು ಮುಂದಿನ ಭಾನುವಾರ ಯಾರೂ ಅಂಬಿಗ ಎಂದು ನಂಬುವುದಿಲ್ಲ, ಮೊದಲಿಗೆ ಅವರೇ ನಂಬುವುದಿಲ್ಲ. ಮೂರು ಲೆಕ್ಕದಲ್ಲಿ ನಮಗೆ ಬೇಕಾದದ್ದನ್ನು ಆರಿಸುವುದು ಪರಿಹಾರವಲ್ಲ. ಆ ಊರಿನವರ ಲೆಕ್ಕ ಯಾವುದು ಎಂಬುದು ಪ್ರಶ್ನೆ. ವಾರ್ಡಿನಲ್ಲಿ ಸಂಶಯ ಬಂದಾಗ ಹಿಂದಿನ ಪಾಳಿಯವರನ್ನು ಕೇಳುತ್ತೇವೆ. ಇಲ್ಲಿಯೂ ಒಂದು ಹಿಂದಿನ ಪಾಳಿ ಇತ್ತು: ನಾನು ಮೇಜಿಗೆ ಬರುವ ಮೊದಲಿನ ಭಾನುವಾರಗಳು.

“ನಾನು ಮಣೆ ಇಳಿಸುವ ಮೊದಲು,” ಎಂದು ಕೇಳಿದೆ, “ಆ ಊರಿನಲ್ಲಿ ದಿನ ಯಾವಾಗ ಬದಲಾಗ್ತಿತ್ತು? ಯಾರಾದರೂ ಹೇಳಿದ್ದುಂಟಾ? ನೆನಪು ಮಾಡಿ ಹೇಳಿ, ಊಹೆ ಬೇಡ.”

ಉಪನ್ಯಾಸಕಿ ತಲೆ ಅಲ್ಲಾಡಿಸಿದಳು. ಗಡಿಯಾರದಲ್ಲಿ ಐದೂಕಾಲು.

ಮರ್ಕಂಜದವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ನಾನು ನೀರಿನ ಲೋಟ ತಳ್ಳಿದೆ. ಅವಳು ನಗುತ್ತಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಕಡಬದವರ ಕಡೆಗೆ ತಿರುಗಿದಳು.

“ಮದುವೆಮನೆ ನೆನಪಿಲ್ವಾ ನಿಮಗೆ? ಎರಡು ಸಲ ಉಂಡದ್ದು?”

ಕಡಬದವರ ಕೈಯ ಕಾಗದ ಅಲ್ಲಿಯೇ ನಿಂತಿತು.

ಕಥೆ ಇಷ್ಟು. ಮೊಟ್ಟಮೊದಲ ಆಟ ನಡೆದದ್ದು ಹೋದ ವರ್ಷದ ರಂಜಾನಿನಲ್ಲಿ. ಆಗ ಕಡಬದವರು ಬೈಕಿನಲ್ಲಿ ಬರುತ್ತಿದ್ದರು, ಬಸ್ಸಿನ ಅವಸರ ಇರಲಿಲ್ಲ. ಆಟ ಸಂಜೆ ದಾಟಿತ್ತು. ಮಸೀದಿಯ ಬಾಂಗ್ ಕೇಳಿದಾಗ ಕಬಕದವನು ದಾಳ ಕೆಳಗಿಟ್ಟು ಖರ್ಜೂರ ತಿಂದು ನೀರು ಕುಡಿದ. ಎಲ್ಲರಿಗೂ ಖರ್ಜೂರ ಹಂಚಿದ. ಇವತ್ತಿನದ್ದು ಮುಗಿಯಿತಾ ಎಂದು ಕಡಬದವರು ಕೇಳಿದ್ದಕ್ಕೆ, ಮುಗಿದದ್ದು ಮಾತ್ರ ಅಲ್ಲ, ನಮ್ಮ ಲೆಕ್ಕದಲ್ಲಿ ನಾಳೆಯದ್ದು ಶುರು ಆಯ್ತು ಎಂದಿದ್ದ. ಆ ಹೊತ್ತಿಗೆ ಕಥೆಯಲ್ಲಿ ಒಂದು ಮದುವೆಮನೆ. ಅಂಬಿಗ ಮಧ್ಯಾಹ್ನವೇ ಅಲ್ಲಿ ಉಂಡಾಗಿತ್ತು, ದಿನಕ್ಕೊಂದು ಊಟದ ವ್ರತ. ಸಂಜೆ ಅಲ್ಲಿ ಮತ್ತೆ ಎಲೆ ಹಾಕಿದರು. ಉಪನ್ಯಾಸಕಿ ಬೇಕೆಂದೇ ಪಾಯಸ, ಹೋಳಿಗೆ, ತುಪ್ಪ ಎಂದು ಒಂದೊಂದಾಗಿ ವರ್ಣಿಸಿದಳು. ಅಂಬಿಗ ವ್ರತ ಮುರಿಯುತ್ತಾನೋ ನೋಡೋಣ ಎಂದು. ಅಂಬಿಗ ಎದ್ದು ಮದುವೆಮನೆಯ ದೀಪ ತೋರಿಸಿ, ದೀಪ ಹೊತ್ತಿಸಿ ಆಯ್ತಲ್ಲ, ಇದು ನಾಳೆಯ ಊಟ ಎಂದು ಹೇಳಿ ಎಲೆಯ ಮುಂದೆ ಕೂತ. ಉಪನ್ಯಾಸಕಿ ನಕ್ಕು ನಕ್ಕು ಸೋತು, ಆಯಿತು, ಈ ಊರಿನಲ್ಲಿ ದೀಪ ಹೊತ್ತಿದರೆ ಹೊಸ ದಿನ, ಉಣ್ಣಿ ಎಂದಳು.

“ನಾನು ಹೇಳಿದ್ದೆ,” ಎಂದಳು ಉಪನ್ಯಾಸಕಿ ಈಗ, ನಿಧಾನವಾಗಿ. “ಹೌದು. ನಾನೇ ಒಪ್ಪಿದ್ದೆ.”

“ಆವತ್ತು ನನಗೆ ಹೋಳಿಗೆ ಉಳಿಯಲಿಲ್ಲ,” ಎಂದಳು ಮರ್ಕಂಜದವಳು. “ಅದಕ್ಕೇ ನೆನಪು.”

ಒಪ್ಪಿದ್ದು ಒಪ್ಪಿ ಆಯಿತು ಎಂಬುದು ಮೇಜಿನ ಮೊದಲ ಕಟ್ಟುನಿಟ್ಟು. ಮದುವೆಮನೆಯಲ್ಲಿ ದಿನ ಸಂಜೆಗೆ ಬದಲಾದರೆ ಹಾವು ಕಚ್ಚಿದ ಕಡವಿನಲ್ಲೂ ಸಂಜೆಗೇ ಬದಲಾಗಬೇಕು, ಮುದುಕಿಯ ಲೆಕ್ಕವೂ ಅದೇ. ಹಾವು ಕಚ್ಚಿದ್ದು ದೀಪ ಹೊತ್ತಿಸಿದ ಮೇಲೆ. ಹಾಗಾದರೆ ಆಗ ಶುರುವಾದದ್ದು ಒಂದನೇ ದಿನ; ಸೈನಿಕನೂ ಕಳ್ಳಿಯೂ ಛತ್ರದಲ್ಲಿ ಮಲಗಿರುವುದು ಮೂರನೇ ದಿನದ ರಾತ್ರಿ. ಅದು ಮುಗಿಯಲು ಇನ್ನು ಅರ್ಧ ರಾತ್ರಿ ಮತ್ತು ಪೂರ್ತಿ ಒಂದು ಹಗಲು ಬಾಕಿ ಉಂಟು.

ಎರಡು ಸಲ ಬೆರಳು ಮಡಚಿ ಎಣಿಸಿ ನೋಡಿದೆ. ಆಮೇಲೆ ತುದಿಯ ದೊಡ್ಡ ಗುಳಿಗೆ ಕೈ ಹಾಕಿ ಒಂದು ಬೀಜ ಹೊರಗೆ ತೆಗೆದೆ. ಇಟ್ಟ ಬೀಜವನ್ನು ನಾನು ಹಿಂದೆ ತೆಗೆದದ್ದು ಅದೇ ಮೊದಲು.

“ಮೂರನೇ ದಿನ,” ಎಂದೆ. “ರಾತ್ರಿಯ ನಾಲ್ಕನೇ ಗುಳಿ. ರೋಗಿ ಜೀವಂತ. ಮುಂದುವರಿಸಿ, ಬಸ್ಸಿಗೆ ಹೊತ್ತಾಯಿತು.”

ಕಬಕದವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡು, ನಿಮ್ಮ ಹೊಟ್ಟೆ ನಿಮ್ಮನ್ನು ಉಳಿಸಿತು ಮಾರಾಯ್ರೆ ಎಂದ. ನಿನ್ನ ಖರ್ಜೂರ ಉಳಿಸಿತು ಎಂದರು ಕಡಬದವರು. ಮಡಚಿದ ಕಾಗದವನ್ನು ಬಿಡಿಸಿ ಅಂಗೈಯಿಂದ ಮೇಜಿಗೆ ಒತ್ತಿ ನೇರ ಮಾಡಿದರು. ಹರಿದಲ್ಲಿಯ ಟೇಪು ಎದ್ದಿತ್ತು, ಅದನ್ನು ಉಗುರಿನಿಂದ ಒತ್ತಿ ಕೂರಿಸುತ್ತಲೇ ಇದ್ದರು.

ಇನ್ನು ಆಟ ಮುಗಿಯಿತೆಂದು ಎಣಿಸಿದ್ದೆವು. ಉಪನ್ಯಾಸಕಿ ಬಿಡಬೇಕಲ್ಲ. ಬೆಳಗಾಗಿ ಇಬ್ಬರೂ ಹೊರಟು, ಹಗಲಿನ ಎರಡನೇ ಗುಳಿಯಲ್ಲಿ ಗುಡಿಸಲಿನ ಅಂಗಳಕ್ಕೆ ಬಂದರೆ ಬಾಗಿಲಿಗೆ ಅಡ್ಡವಾಗಿ ಒಂದು ನಾಯಿ ಮಲಗಿದೆ ಎಂದಳು. ರೋಗಿಯ ಬಳಿ ಕೂತಿರುವ ಮುದುಕಿಯ ನಾಯಿ. ಕಪ್ಪು, ದೊಡ್ಡದು. ಬಳ್ಳಿ ಇದ್ದದ್ದು ಸೈನಿಕನ ಚೀಲದಲ್ಲಿ. ಒಂದು ನಾಯಿಗಾಗಿ ಆ ಮನುಷ್ಯ ಸಂಜೆಯವರೆಗೆ ಅಂಗಳದಲ್ಲಿ ನಿಂತರೂ ನಿಲ್ಲುವವನೇ. ಕಿಟಕಿ ಎಲ್ಲಿ ಉಂಟು ಎಂದು ಮರ್ಕಂಜದವಳು ಕೇಳಿದಳು. ಎಷ್ಟೋ ಮನೆಗಳ ಕಿಟಕಿ ಕೇಳಿದವಳು, ಆವತ್ತಿನಷ್ಟು ಸಂತೋಷದಿಂದ ಎಂದೂ ಕೇಳಿರಲಿಲ್ಲ. ದಾಳ ಹಾಕಿದಳು, ಒಳ್ಳೆಯದು ಬಿತ್ತು. ಬಳ್ಳಿ ಅಂಗಳದಿಂದ ಅವಳ ಕೈಗೆ, ಅವಳ ಕೈಯಿಂದ ಕಿಟಕಿಯೊಳಗೆ, ಕಿಟಕಿಯಿಂದ ಮುದುಕಿಯ ಕೈಗೆ ಹೋಯಿತು. ಸೈನಿಕ ಬೇಲಿಯ ಹೊರಗೆ ನಿಂತು ಧೈರ್ಯ ಹೇಳುತ್ತಿದ್ದ.

ಕೊನೆಯ ದಾಳ ರೋಗಿಯದ್ದು. ಇಪ್ಪತ್ತು ಮುಖದ ದಾಳ, ಐದಕ್ಕಿಂತ ಹೆಚ್ಚು ಬಿದ್ದರೆ ಮದ್ದು ಹಿಡಿಯಿತು. ಕಡಬದವರು ದಾಳವನ್ನು ಮುಷ್ಟಿಯಲ್ಲಿಟ್ಟು ಕುಲುಕಿದರು. ಆಮೇಲೆ ಬಿಟ್ಟರು. ಅದು ಉರುಳಿ ಉರುಳಿ ಚೆನ್ನೆಮಣೆಗೆ ತಾಗಿ ನಿಂತಿತು. ಹನ್ನೊಂದು.

ಉಪನ್ಯಾಸಕಿ ಮುಂದಕ್ಕೆ ಬಾಗಿದಳು. ಅಂಬಿಗ ಕಣ್ಣು ಬಿಟ್ಟ ಎಂದು ಹೇಳಿ, ಏನು ಹೇಳುತ್ತಾನೆ ಎಂದು ಕೇಳಿದಳು.

ಕಡಬದವರು ಗಂಟಲು ಸರಿಮಾಡಿಕೊಂಡು ಅಂಬಿಗನ ಹಾಗೆ ಕೆಮ್ಮಿದರು. “ಇವತ್ತಿನ ಊಟ ಆಗಿಲ್ಲ ನನ್ನದು,” ಎಂದರು. “ದೀಪ ಹೊತ್ತಿಸುವ ಮೊದಲು ಒಂದು, ಹೊತ್ತಿಸಿದ ಮೇಲೆ ಒಂದು. ಎರಡು ಎಲೆ ಹಾಕಿ.”

ಅಷ್ಟು ನಕ್ಕದ್ದು ನನಗೆ ನೆನಪಿಲ್ಲ. ಮರ್ಕಂಜದವಳು ಬಿಕ್ಕಳಿಸಲು ಶುರುಮಾಡಿ, ನಾನು ಆಗಲೇ ತಳ್ಳಿದ್ದ ನೀರಿನ ಲೋಟ ಉಪಯೋಗಕ್ಕೆ ಬಂತು.

ಐದೂ ನಲವತ್ತೆರಡಕ್ಕೆ ಎಬ್ಬಿಸಿದೆ. ಕಡಬದವರನ್ನು ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆಂದು ಕಬಕದವನು ಬೈಕು ತಿರುಗಿಸಿದ. ಬಾಗಿಲ ಬಳಿ ಕಡಬದವರು ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ತಿರುಗಿ, ಅಪ್ಪನೂ ಹಾಗೆಯೇ, ಕಡವಿನ ದೀಪ ಹೊತ್ತಿಸಿದ ಮೇಲೆ ಯಾರು ಕರೆದರೂ ನಾಳೆ ಬನ್ನಿ ಅನ್ನುತ್ತಿದ್ದರು ಎಂದರು. ಇಷ್ಟು ಕಾಲ ಅದು ತಮಗೆ ಹೊಳೆದೇ ಇರಲಿಲ್ಲವಂತೆ. ಅದು ದೀಪಕ್ಕೆ ದಿನ ಮುಗಿಯುವ ಲೆಕ್ಕವೋ, ಸುಸ್ತಾದವರ ಮಾತೋ ನಾನು ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದೆ. ಮರ್ಕಂಜದವಳು ಸ್ಕೂಟರಿನಲ್ಲಿ ಹಿಂದೆಯೇ ಹೊರಟಳು, ಇನ್ನೂ ಬಿಕ್ಕಳಿಸುತ್ತಾ.

ಲೋಟ ತೊಳೆದು ಬೋರಲು ಹಾಕಿದೆ. ಮೇಜು ಒರೆಸಿದೆ. ಉಪನ್ಯಾಸಕಿ ದಾಳಗಳನ್ನು ಡಬ್ಬಿಗೆ ಹಾಕಿ, ನಾನು ಆ ಮುದುಕಿಯ ಬಾಯಿಗೆ ಇನ್ನು ಲೆಕ್ಕ ಕೊಡುವುದಿಲ್ಲ ದೊಡ್ಡಮ್ಮ ಎಂದು ಹೇಳಿ ಮಹಡಿ ಹತ್ತಿದಳು. ಕೊಡು, ಆದರೆ ಕೇಳಿ ಕೊಡು ಎಂದೆ. ಅಷ್ಟರಲ್ಲಿ ಬಾಂಗ್ ಕೇಳಿಸಿತು. ಎದುರು ಮನೆಯ ಜಗಲಿಯಲ್ಲಿ ಬಲ್ಬು ಹೊತ್ತಿತು. ನಾನೂ ದೇವರ ದೀಪ ಹಚ್ಚಿ ಬಂದೆ.

ಒಂದು ಕೆಲಸ ಉಳಿದಿತ್ತು. ಔಷಧಿ ಡಬ್ಬಿಯಿಂದ ಅಂಟುಪಟ್ಟಿ ತೆಗೆದು, ಕತ್ತರಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಕತ್ತರಿಸಿದೆ. ಚೆನ್ನೆಮಣೆಯ ಕೆಳಸಾಲಿನ ಮೊದಲ ಗುಳಿಯ ಅಂಚಿಗೆ, ಹೊಸ ದಿನ ಶುರುವಾಗುವ ಜಾಗಕ್ಕೆ, ಅದನ್ನು ಹಚ್ಚಿ ಹೆಬ್ಬೆರಳಿನಿಂದ ಒತ್ತಿದೆ. ಮೂಲೆ ಏಳದ ಹಾಗೆ ಇನ್ನೊಮ್ಮೆ ಒತ್ತಿದೆ.